ಅಪ್ಪಾಸಾಹೇಬರ ಅವಧಿ

ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಚಾದರ ಕಾರ್ಖಾನೆಯೊಂದರ ಕಂಪ್ಯೂಟರಿಗೆ, ಇನ್ನೂ ಮಾರುಕಟ್ಟೆಗೆ ಬರದ ಆಪರೇಟಿಂಗ್ ಸಿಸ್ಟಮ್ಮಿನ ಪರೀಕ್ಷಾ ಪ್ರತಿ ಹಾಕುತ್ತಿದ್ದೆ. ಅದು ಬಳಸುವವರ ಹೆಸರು ಕೇಳಿತು. ಮಾಲೀಕ ಅಪ್ಪಾಸಾಹೇಬರು ಹುರುಪಿನಿಂದ ತಮ್ಮ ಹೆಸರನ್ನೇ ಹಾಕಿಸಿದರು. ಯಂತ್ರ ಮತ್ತೆ ಶುರುವಾದಾಗ ಪರದೆಯ ಮೇಲೆ ಅವರ ಹೆಸರು, ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು: ‘ಅವಧಿ ಮುಗಿದಿದೆ.’

ಅವರ ಮುಖ ಬಿಳಿಚಿತು. “ಇದಕ್ಕ ಯಾರು ಹೇಳಿದ್ರು? ಮುಂಜಾನಿ ಡಾಕ್ಟರ್ ಹೇಳಿದ್ದು ನಾ ಮನ್ಯಾಗ ಸುದ್ದಾ ಹೇಳಿಲ್ರಿ.”

“ಅದು ಈ ಪರೀಕ್ಷಾ ಪ್ರತಿ ನಡ್ಯೂ ಅವಧಿ, ಸಾಹೇಬ್ರ. ನಮ್ಮ ಕೈಗೆ ತಡಾ ಆಗಿ ಬಂದೈತಿ,” ಎಂದು ಯಂತ್ರದ ತಾರೀಖನ್ನು ಹಿಂದಕ್ಕೆ ಸರಿಸಿದೆ. ಸಾಲು ಮಾಯವಾಯಿತು.

ಅವರು ನನ್ನ ಕೈ ಹಿಡಿದರು. ಅವರ ಕೈ ತಣ್ಣಗಿತ್ತು. “ನಂದೂ ಹಿಂದ ಸರಸ್ರಿ.”

ಮುಂದಿನ ಸಂಕ್ರಾಂತಿಗೆ ಅವರಿರಲಿಲ್ಲ. ದೋಷ ಕಂಡರೆ ತಿಳಿಸಿ ಎಂದು ಆ ಪರೀಕ್ಷಾ ಪ್ರತಿ ಕೊಟ್ಟ ಕಂಪನಿಯವರು ಹೇಳಿದ್ದರು. ಇದನ್ನು ಯಾವ ದೋಷವೆಂದು ತಿಳಿಸುವುದು?