ಎರ್ಲೆನ್‌ರೋಡರ್ ಅಜ್ಜನ ಹೆಸರು, ನಮ್ಮ ಹೆಸರು

ನಾನು ಚಿಕ್ಕವನಿದ್ದಾಗ ನನಗೆ ನಮ್ಮ ಅಡ್ಡಹೆಸರಿನ ಮೇಲೆ ಎಲ್ಲಿಲ್ಲದ ಸಿಟ್ಟಿತ್ತು. ಧಾರವಾಡದ ಕಡೆಯಿಂದ ಬಂದ ನಾವು ಅಮೆರಿಕದ ವುಡ್‌ಬ್ರಿಡ್ಜ್‌ನ ಒಂದು ಬಾಡಿಗೆ ಮನೆಯ ಮಹಡಿಯಲ್ಲಿದ್ದೆವು. ಹುಣಸಿಕೊಪ್ಪ ಎಂಬುದು ನಮ್ಮ ಅಡ್ಡಹೆಸರು. ಶಾಲೆಯ ಬಸ್ಸಿನಲ್ಲಿ ಹುಡುಗರು ಅದನ್ನು ತಿರುಚಿ "ಏ ಹನಿಕಪ್!" ಎಂದು ಕೂಗಿ ನನ್ನ ಟೋಪಿ ಕಿತ್ತೆಸೆಯುತ್ತಿದ್ದರು.

ಅಮೆರಿಕದ ಪ್ರಜೆಗಳಾಗುವಾಗ ಹೆಸರು ಬದಲಿಸಿಕೊಳ್ಳಬಹುದು ಎಂದು ತಿಳಿದದ್ದೇ ನಾನು ಅಪ್ಪನ ಬೆನ್ನು ಬಿದ್ದೆ. ಒಂದು ಶನಿವಾರ ಅಡುಗೆಮನೆಯಲ್ಲಿ ಇಂಗಿನ ಒಗ್ಗರಣೆಯ ಘಮ ತುಂಬಿತ್ತು, ಕಿಟಕಿಯ ಗಾಜಿಗೆ ಹಿಮ ಮೆತ್ತಿತ್ತು. ಕೆಳಗಿನ ಮನೆಯ ಜರ್ಮನ್ ಅಜ್ಜ ಕಾಫಿಗೆ ಬಂದಿದ್ದರು. ಅವರ ಅಡ್ಡಹೆಸರು ಎರ್ಲೆನ್‌ರೋಡರ್.

ನನ್ನ ಅಳು ಕಂಡು ಅವರು ತಮ್ಮ ಹೆಸರಿನ ಅರ್ಥ ಹೇಳಿದರು. ಎರ್ಲೆ ಎಂದರೆ ನೀರಿನ ಅಂಚಿನಲ್ಲಿ ಬೆಳೆಯುವ ಒಂದು ಮರ. ರೋಡೆ ಎಂದರೆ ಕಾಡು ಕಡಿದು ಮಾಡಿಕೊಂಡ ನೆಲ. ಎರಡೂ ಸೇರಿ ಅವರ ಹಿರಿಯರ ಊರಿನ ಹೆಸರು; ಆ ಊರಿನವನು ಎರ್ಲೆನ್‌ರೋಡರ್. ಊರು ಯಾವುದೋ ಕಾಲದಲ್ಲಿ ಪಾಳುಬಿದ್ದು, ಈಗ ಅಲ್ಲಿ ಬರೀ ಹುಲ್ಲಂತೆ. ಅವರಿಗೆ ಮಕ್ಕಳಿರಲಿಲ್ಲ. ತಾವು ಸತ್ತರೆ ಊರಿನ ಹೆಸರೂ ಮುಗಿಯಿತು ಎಂದರು.

ಅಪ್ಪ ನನ್ನತ್ತ ತಿರುಗಿದರು. "ಕೇಳಿದ್ಯೇನೋ ತಮ್ಮಾ? ನಮ್ದೂ ಹಂಗ ಅದ. ಹುಣಸಿ ಗಿಡದ ಹತ್ರ ಕಟ್ಟಿದ ಸಣ್ಣ ಊರು. ಊರಂತೂ ಬಿಟ್ಟು ಬಂದ್ವಿ, ಹೆಸರರೆ ಇರ್ಲಿ."

"ನಿಮ್ಮ ಊರು ನಂಗ ಯಾಕ ಬೇಕು? ನೀವ ಬಸ್ಸಿನ್ಯಾಗ ಹೋಗಿ ಹನಿಕಪ್ ಅನ್ನಿಸ್ಕೊಳ್ರಿ!"

ಅಪ್ಪ ತಮ್ಮ ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ಹಂಗಾರ ಏನಂತ ಇಡೋಣು?" ಎಂದರು. "ಹಿಲ್" ಎಂದೆ. ಚಿಕ್ಕದಾಗಿತ್ತು, ಅಷ್ಟೇ. ಜರ್ಮನ್ ಅಜ್ಜ ಕಾಫಿ ಮುಗಿಸದೆ ಎದ್ದು ಹೋದರು. ಪ್ರಜೆಗಳಾದ ದಿನ ನಾವೆಲ್ಲ ಹಿಲ್ ಆದೆವು.

ಅಪ್ಪ ತೀರಿಕೊಂಡಾಗ ಅವರ ಊರಿನ ಗೆಳೆಯರೊಬ್ಬರು ಅಂತ್ಯಕ್ರಿಯೆಗೆ ದೂರದಿಂದ ಡ್ರೈವ್ ಮಾಡಿಕೊಂಡು ಬಂದಿದ್ದರು. ಅಂತ್ಯಕ್ರಿಯೆ ನಡೆಯುವ ಕಟ್ಟಡದ ಬಾಗಿಲ ಬಳಿಯ ಫಲಕದಲ್ಲಿ ಹಿಲ್ ಎಂದಿದ್ದುದನ್ನು ನೋಡಿ, ಬೇರೆ ಯಾರದೋ ಎಂದುಕೊಂಡು ಹಾಗೇ ತಿರುಗಿ ಹೋದರಂತೆ. ಮರುದಿನ ಫೋನಿನಲ್ಲಿ ಅವರು ಅತ್ತರು. ನಾನು ಅಪ್ಪನ ಬಳಿ ಕ್ಷಮೆ ಕೇಳಿರಲಿಲ್ಲ. ಇನ್ನು ಯಾರನ್ನು ಕೇಳಲಿ?

ಮೊಮ್ಮಕ್ಕಳೇ, ಕೆಂಡಲ್ ಪಾರ್ಕ್‌ನ ನಿಮ್ಮ ಶಾಲೆಯಲ್ಲಿ ಈಗ ಉದ್ದುದ್ದ ಹೆಸರಿನ ಮಕ್ಕಳೇ ತುಂಬಿದ್ದಾರೆ. ಟೀಚರೇ ಕೇಳಿ ಕೇಳಿ ಕಲಿಯುತ್ತಾರೆ. ನಮ್ಮ ಹಳೆಯ ಹೆಸರನ್ನು ನೀವು ಹೆದರದೆ ಹೇಳಬಹುದಿತ್ತು. ಮತ್ತೆ ಬದಲಿಸೋಣ ಎಂದರೆ ನಿಮ್ಮಪ್ಪ, "ಟೂ ಲೇಟ್, ಡ್ಯಾಡ್" ಎಂದ. ಮೊನ್ನೆ ನಿಮ್ಮಲ್ಲಿ ಚಿಕ್ಕವಳು, "ಅಜ್ಜಾ, ವಿಚ್ ಹಿಲ್ ಆರ್ ವಿ ಫ್ರಮ್?" ಎಂದು ಕೇಳಿದಳು.

ಯಾವ ಗುಡ್ಡವೂ ಇಲ್ಲ, ಮಗು.