ಜೈನಾಬಿ ತಂದ ಏಳು ಟಿಕೇಟು

ಮೊನ್ನೆ ಮೊಮ್ಮಗಳು ಪಲ್ಲವಿ ಫೋನನ್ನು ನನ್ನ ಮೂಗಿನ ಮುಂದೆ ಹಿಡಿದಳು. ಅದರ ತುಂಬ ಸಣ್ಣ ಸಣ್ಣ ಚೌಕ, ಸಾಲು ಸಾಲಾಗಿ. ಕೆಲವು ಹಸಿರು, ಕೆಲವು ಬೂದಿ ಬಣ್ಣ. ಟೊಮೆಟೊ ಸಸಿಯ ತಟ್ಟೆಯಲ್ಲಿ ಅಲ್ಲಲ್ಲಿ ಸಸಿ ಸತ್ತುಹೋದಂತೆ ಕಂಡಿತು.

"ಅಜ್ಜಿ, ಭಾನ್ವಾರ ನಂಗೆ ರಜ. ಬೆಂಗ್ಳೂರಿಗೆ ನಾಟಕಕ್ಕೆ ಹೋಗೋಣ. ಇವೆಲ್ಲ ಸೀಟು. ಹಸ್ರು ಇರೋದು ಖಾಲಿ. ಯಾವ್ದು ಬೇಕು ಹೇಳು" ಎಂದಳು. ನರಸಾಪುರದ ಕಂಪನಿಯೊಂದರಲ್ಲಿ ಶಿಫ್ಟು ಮಾಡುವ ಹುಡುಗಿ ಅವಳು. ರಜೆ ಸಿಕ್ಕಿದರೆ ಮಲಗಬೇಕು, ಅದು ಬಿಟ್ಟು ಮುದುಕಿಯನ್ನು ನಾಟಕಕ್ಕೆ ಕರೆಯುತ್ತಾಳೆ.

"ಯಾವ್ದಾದ್ರೂ ಸರಿ ಕಣೇ" ಎಂದೆ.

"ನಾಟಕ ಯಾವ್ದು? ಮೂರಿದೆ ನೋಡು."

"ಅದೂ ಯಾವ್ದಾದ್ರೂ ಸರಿ."

ಸುಳ್ಳು ಹೇಳಿದೆ. ಯಾವುದಾದರೂ ಸರಿ ಎಂದುಕೊಂಡು ನಾಟಕದ ಟಿಕೇಟು ತರಬಾರದು. ಅದನ್ನು ನನಗೆ ಕಲಿಸಿದವಳು ಒಬ್ಬಳಿದ್ದಳು. ನೀವು ಬಿಡುವಾಗಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು, ಅಲಂಕಾರ ಮಾಡಿ ಹೇಳಲು ಬರುವುದಿಲ್ಲ.

ನಮ್ಮದು ಮುಳಬಾಗಿಲು ತಾಲ್ಲೂಕು, ಆವನಿಯ ಪಕ್ಕದ ಹಳ್ಳಿ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಮುಳಬಾಗಿಲು ಪೇಟೆಯಿಂದ ಬಳೆ ಮಾರಲು ಜೈನಾಬಿ ಎಂಬ ಹೆಂಗಸು ಬರುತ್ತಿದ್ದಳು. ಊರಿನವರು ಬೂಬಮ್ಮ ಎನ್ನುತ್ತಿದ್ದರು. ಕಡ್ಡಿಯಂಥ ಮೈ, ಹೆಗಲ ಮೇಲೆ ಬಳೆಯ ಮಲಾರ, ಬಾಯಿ ತುಂಬ ಎಲೆ ಅಡಿಕೆ. ಕನ್ನಡ, ತೆಲುಗು, ತನ್ನ ಮನೆಯ ಮಾತು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವವಳು. ಹದಿನೈದು ದಿನಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಚಿಕ್ಕಪೇಟೆಯಲ್ಲಿ ಬಳೆ ಕೊಂಡು ಬರುತ್ತಿದ್ದಳು. ಆ ಕಾಲಕ್ಕೆ ನಮ್ಮ ಬೀದಿಯ ಹೆಂಗಸರ ಪಾಲಿಗೆ ಬೆಂಗಳೂರು ಎಂದರೆ ಜೈನಾಬಿಯೇ. ಅವಳು ನೋಡಿದ್ದೇ ಬೆಂಗಳೂರು, ಅವಳು ಹೇಳಿದ್ದೇ ಬೆಂಗಳೂರು.

ಇನ್ನೊಬ್ಬರು ನಮ್ಮತ್ತೆ. ಅತ್ತಮ್ಮ ಎಂದು ಕರೆಯುತ್ತಿದ್ದೆ. ಮನೆಯ ಬೀಗದ ಕೈ ಸೊಂಟದಲ್ಲಿ, ಗಂಡಸರ ಮಾತು ಅಂಗಳದಲ್ಲಿ. ಅವರಿಗೆ ನಾಟಕದ ಹುಚ್ಚು. ಮದುವೆಗೆ ಮುಂಚೆ ಮೂರು ಊರು ದಾಟಿ ನಡೆದು ಹೋಗಿ ನಾಟಕ ನೋಡುತ್ತಿದ್ದರಂತೆ. ಆದರೆ ಒಂದೆರಡು ವರ್ಷದಿಂದ ಅವರ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಯಲ್ಲಿ ಅಷ್ಟಿಷ್ಟು ಉಳಿದಿತ್ತು. ಯಾರಿಗೂ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ. ಒಂದೇ ಒಲೆಯ ಮುಂದೆ ಕೂರುವವಳಿಗೆ ಹೇಳಬೇಕೇ? ಅವರಿಗೆ ತಿಳಿಯಬೇಕಾದ್ದನ್ನು ನಾನು ಎಮ್ಮೆಗೆ ಬಯ್ಯುವ ನೆಪದಲ್ಲಿ ಗಟ್ಟಿಯಾಗಿ ಕೂಗುತ್ತಿದ್ದೆ. "ಏಯ್, ಮಾವ ಊಟಕ್ಕೆ ಬಂದ್ರು, ಪಕ್ಕಕ್ಕೆ ಸರ್ಕೋ!" ಎಮ್ಮೆಗೆ ಮಾವನ ಊಟದ ಚಿಂತೆ ಯಾಕೆ ಎಂದು ಯಾರೂ ಕೇಳಲಿಲ್ಲ, ನಮ್ಮ ಪುಣ್ಯ.

ಅತ್ತಮ್ಮ ಮುಚ್ಚಿಟ್ಟದ್ದಕ್ಕೆ ಕಾರಣವಿತ್ತು. ನಮ್ಮೂರಲ್ಲಿ ಒಬ್ಬ ಯಜಮಾನನಿಗೆ ಕಿವಿ ಹೋದದ್ದು ಗೊತ್ತಾದ ದಿನದಿಂದ ಅವನ ಹೆಸರೇ ಹೋಯಿತು. ಕಿವುಡಪ್ಪ ಎಂದೇ ಕರೆದರು. ಮಕ್ಕಳು ಅವನನ್ನು ಕೇಳುವುದು ಬಿಟ್ಟು ಅವನ ಮುಂದೆಯೇ ಅವನ ಹೊಲ ಹಂಚಿಕೊಂಡರು. ಅತ್ತಮ್ಮ ಅದನ್ನು ಕಣ್ಣಾರೆ ಕಂಡಿದ್ದರು. ಅದೂ ಅಲ್ಲದೆ ಅವರ ವಾರಗಿತ್ತಿ ಪಾಪಮ್ಮ ಪಕ್ಕದ ಮನೆಯಲ್ಲಿಯೇ ಇದ್ದಳು. ರಾಯಲ್ಪಾಡು ಕಡೆಯ ಹೆಣ್ಣು, ಇನ್ನೊಬ್ಬರ ಹುಳುಕು ಕಂಡರೆ ಹಬ್ಬ ಮಾಡುವವಳು. ಅವಳಿಗೆ ಗೊತ್ತಾದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತು.

ಜೈನಾಬಿಗೆ ಮಾತ್ರ ಗೊತ್ತಾಗಿಬಿಟ್ಟಿತು. ಬಳೆ ಕೊಳ್ಳುವಾಗ ಒಂದಕ್ಕೊಂದು ತಾಗಿಸಿ ಸದ್ದು ಕೇಳುತ್ತೇವಲ್ಲ, ಒಡಕು ಬಳೆಯಾದರೆ ಮಂಕಾಗಿ ಸದ್ದಾಗುತ್ತದೆ. ಇಡೀ ಬೀದಿಗೆ ಬಳೆ ಆರಿಸಿಕೊಡುತ್ತಿದ್ದವರು ಅತ್ತಮ್ಮ. ಒಂದು ದಿನ ಬಳೆಯೊಂದನ್ನು ತಟ್ಟಿ, "ಗಟ್ಟಿಯಾಗೈತೆ, ಇದೇ ಹಾಕು" ಎಂದರು. ಅದು ಒಡಕು. ನನಗೂ ಕೇಳಿಸಿತು, ಪಕ್ಕದಲ್ಲಿದ್ದ ನಾಯಿಗೂ ಕೇಳಿಸಿರಬೇಕು. ಜೈನಾಬಿ ಅತ್ತಮ್ಮನ ಮುಖವನ್ನೊಮ್ಮೆ ನೋಡಿದಳು. "ಇದು ನಿಮ್ ಕೈಗೆ ಸಣ್ಣದಾಗ್ತದೆ ದೊಡ್ಡಮ್ಮ" ಎಂದು ಅದನ್ನು ಸೆರಗಿನಡಿಗೆ ಸರಿಸಿ ಬೇರೆ ತೊಡಿಸಿದಳು. ಅಂದಿನಿಂದ ಅವಳು ಅತ್ತಮ್ಮನ ಬಲಗಡೆಗೇ ಬಂದು ಕೂರುತ್ತಿದ್ದಳು.

ನಾಟಕದ ಮಾತು ಎತ್ತಿದವಳು ಪಾಪಮ್ಮ. ಬೆಂಗಳೂರಿನಲ್ಲಿ ಆಗ ಮೂರು ನಾಟಕ ಕಂಪನಿಗಳು ಬಿಡಾರ ಹಾಕಿದ್ದವು. ಹೋಗೋಣ ಎಂದು ನಾನೂ ಸೇರಿ ಆರು ಹೆಂಗಸರು ಹೊರಟೆವು. ದೊಡ್ಡವರು ಒಬ್ಬರು ಜೊತೆಗಿದ್ದರೆ ಕಳಿಸುತ್ತೇವೆ ಎಂದರು ಗಂಡಸರು. ದೊಡ್ಡವರೆಂದರೆ ಅತ್ತಮ್ಮ, ಅವರೂ ಸೇರಿದರೆ ಏಳು. ಬರುವುದಿಲ್ಲ ಎಂದರೆ, ನಾಟಕ ಎಂದರೆ ಪ್ರಾಣ ಬಿಡುವವಳು ಯಾಕೆ ಬರುವುದಿಲ್ಲ ಎಂದು ಪಾಪಮ್ಮ ಅಗೆಯುತ್ತಾಳೆ. ಬಂದರೆ, ಎಲ್ಲರೂ ನಗುವಾಗ ಸುಮ್ಮನೆ ಕೂತು, ಎಲ್ಲರೂ ಸುಮ್ಮನಿದ್ದಾಗ ನಕ್ಕು ಸಿಕ್ಕಿಬೀಳುತ್ತಾರೆ. ಅತ್ತಮ್ಮ "ಹೋಗಾನ" ಎಂದರು. ಆಮೇಲೆ ಎರಡು ದಿನ ಸರಿಯಾಗಿ ಮುದ್ದೆ ನುಂಗಲಿಲ್ಲ.

ಟಿಕೇಟು ತರುವ ಕೆಲಸ ಜೈನಾಬಿಗೆ ಬಿತ್ತು. ದಿನ ಗೊತ್ತುಮಾಡಿದ್ದೂ ಅವಳೇ. ನಾವೆಲ್ಲ ರೇಷ್ಮೆ ಸಾಕುವವರು. ಹುಳು ಮನೆಯಲ್ಲಿದ್ದರೆ ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕಬೇಕು, ಹೊರಗಿನವರನ್ನು ಒಳಗೆ ಬಿಡಬಾರದು. ಯಾವ ಮನೆಯವರು ತನ್ನನ್ನು ಬೀದಿಯಲ್ಲೇ ನಿಲ್ಲಿಸುತ್ತಾರೆ, ಯಾರು ಒಳಗೆ ಕರೆದು ನೀರು ಕೊಡುತ್ತಾರೆ ಎಂಬುದರ ಮೇಲೆಯೇ ಯಾರ ಹುಳು ಎಲ್ಲಿಗೆ ಬಂದಿದೆ ಎಂದು ಅವಳು ಹೇಳಬಲ್ಲಳು. "ಮುಂದಿನದರ ಮುಂದಿನ ಭಾನ್ವಾರ. ಆರೂ ಮನೆಯಲ್ಲಿ ಗೂಡು ಮಾರಿರ್ತೀರಿ, ತಟ್ಟೆ ತೊಳೆದು ಬಿಸ್ಲಿಗೆ ಹಾಕಿರ್ತೀರಿ" ಎಂದಳು. ಹಾಗೆಯೇ ಆಯಿತು, ಒಂದು ದಿನ ಆಚೀಚೆ ಇಲ್ಲ. ನಮ್ಮನ್ನು ಬಾಗಿಲಲ್ಲಿ ನಿಲ್ಲಿಸಿದರಲ್ಲ ಎಂದು ಮುಖ ಊದಿಸಿಕೊಳ್ಳುವವರನ್ನು ಕಂಡಿದ್ದೇನೆ, ನಿಂತದ್ದನ್ನೇ ಲೆಕ್ಕವಾಗಿ ಬಳಸಿದವಳನ್ನು ಒಬ್ಬಳನ್ನೇ ಕಂಡದ್ದು.

ನಾಟಕ ಯಾವುದು ಎಂಬಲ್ಲಿ ನನಗೂ ಅವಳಿಗೂ ಹತ್ತಿಕೊಂಡಿತು. ಮೂರರಲ್ಲಿ ಒಂದು ಪೌರಾಣಿಕ. ಅದರಲ್ಲಿ ಆಕಾಶದಿಂದ ತೇರು ಇಳಿಯುತ್ತದಂತೆ, ರಂಗದ ಮೇಲೆ ನಿಜವಾದ ನೀರು ಹರಿಯುತ್ತದಂತೆ. ನೋಡಿ ಬಂದ ಮೇಷ್ಟರ ಹೆಂಡತಿ ಹೇಳಿದ್ದಳು. ನನಗೆ ಅದೇ ಬೇಕಿತ್ತು. ನೀರಂತೂ ನಮ್ಮ ಸೀಮೆಯಲ್ಲಿ ನೆಲದ ಮೇಲೇ ಕಾಣುವುದು ಕಷ್ಟ, ರಂಗದ ಮೇಲೆ ಹರಿಯುವುದನ್ನು ನೋಡದಿದ್ದರೆ ಹೇಗೆ? ಜೈನಾಬಿ ಬೆಂಗಳೂರಿನಿಂದ ಬಂದು ಸೆರಗಿನ ಗಂಟು ಬಿಚ್ಚಿ ಏಳು ಟಿಕೇಟು ಇಟ್ಟಳು. ಪೌರಾಣಿಕವಲ್ಲ, ಯಾವುದೋ ಜಿಪುಣನ ಮನೆಯ ನಗೆನಾಟಕ.

"ನಾನು ಹೇಳಿದ್ದೇನು, ನೀನು ತಂದಿದ್ದೇನು? ತೇರು ಇಳಿಯೋದು ಎಲ್ಲಿ?" ಎಂದು ಜಗಳಕ್ಕೆ ನಿಂತೆ.

"ತೇರು ಒಂದ್ಸಲ ಇಳೀತದಮ್ಮ. ಮಿಕ್ಕ ಹೊತ್ತೆಲ್ಲ ನಿಂತ್ಕೊಂಡು ಹಾಡ್ತಾರೆ. ಇದು ಒಳ್ಳೇದು."

"ನಾಟಕಾನೇ ನೋಡದೋಳು ನಿಂಗೇನೇ ಗೊತ್ತು? ಅಲ್ಲಿ ಟಿಕೇಟು ಮಾರೋನು ನಿನ್ ಕೈಗೇನಾದ್ರೂ ಇಟ್ನಾ?"

ಹೀಗೆಯೇ ಕೇಳಿದೆ. ನನ್ನ ಬಾಯಿ ಆಗಲೂ ಹೀಗೆಯೇ. ಅವಳು ಕೋಪ ಮಾಡಿಕೊಳ್ಳಲಿಲ್ಲ. ಎಲೆ ಅಡಿಕೆ ಉಗುಳಿ ಬಂದು, "ಮೂರೂ ನೋಡಿದೀನಿ ಬಿಡಮ್ಮ" ಎಂದಳು. ಮಾರಾಟ ಬಿಟ್ಟು ಮೂರು ನಾಟಕ ನೋಡುವಳೇ ಇವಳು, ಪಕ್ಕಾ ಸುಳ್ಳು ಎಂದುಕೊಂಡೆ.

ಟಿಕೇಟನ್ನೂ ನಮ್ಮ ಕೈಗೆ ಒಟ್ಟಿಗೆ ಕೊಡಲಿಲ್ಲ. ಮುಂಗಡ ಕೊಂಡರೆ ಕುರ್ಚಿಗೆ ನಂಬರು ಕೊಡುತ್ತಿದ್ದರು. ಒಬ್ಬೊಬ್ಬರ ಕೈಗೂ ಒಂದೊಂದು ಇಟ್ಟು, "ಇದೇ ನಿಂದು, ಅದ್ಲು ಬದ್ಲು ಮಾಡ್ಬೇಡ್ರಿ" ಎಂದಳು. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ, ಮಧ್ಯಾಹ್ನದ ಆಟಕ್ಕೆ ಹೋಗಿ ಕೂತ ಮೇಲೆ ಗೊತ್ತಾಯಿತು. ಮೂರನೇ ಸಾಲು. ಅತ್ತಮ್ಮನದು ಎಡಗಡೆಯ ಕಟ್ಟಕಡೆಯ ಕುರ್ಚಿ. ಎಡಕ್ಕೆ ಬರೀ ಗೋಡೆ, ಮಾತಾಡಿಸುವವರೇ ಇಲ್ಲ. ಕಿವಿ ಉಳಿದಿರುವ ಬಲಗಡೆಗೆ ರಂಗ. ಬಲ ಪಕ್ಕದಲ್ಲಿ ನಾನು. ಪಾಪಮ್ಮ ಆಚೆ ತುದಿಯಲ್ಲಿ, ನಡುವೆ ನಾಲ್ಕು ಹೆಂಗಸರು ಬೇಲಿಯಂತೆ. ನಾನು ಅದನ್ನು ಅದೃಷ್ಟ ಎಂದುಕೊಂಡೆ. ಅಷ್ಟು ದಡ್ಡಿ.

ಪರದೆ ಎದ್ದಿತು. ಅತ್ತಮ್ಮ ನನ್ನ ಮೊಣಕೈ ಹಿಡಿದುಕೊಂಡರು. ಜಿಪುಣನ ಮನೆಗೆ ಮೂರು ಬಾಗಿಲು. ಅವನು ಈ ಬಾಗಿಲಲ್ಲಿ ಬಂದರೆ ಹೆಂಡತಿ ಆ ಬಾಗಿಲಲ್ಲಿ ತುಪ್ಪದ ಗಡಿಗೆ ಹೊತ್ತು ಹೋಗುತ್ತಾಳೆ. ಅವನು ಅತ್ತ ತಿರುಗಿದರೆ ಭಾವಮೈದ ಇತ್ತ ಮೂಟೆಯೊಳಗೆ ಕೂರುತ್ತಾನೆ. ಮೂಟೆ ಸೀನುತ್ತದೆ, ಜಿಪುಣ ಮೂಟೆಗೆ ಕೈಮುಗಿಯುತ್ತಾನೆ. ಮಾತು ಬೇಕೇ ಇದಕ್ಕೆ? ಸ್ವಲ್ಪ ಹೊತ್ತಿಗೆ ಮೊಣಕೈ ಹಿಡಿದ ಕೈ ಸಡಿಲವಾಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಅದೇ ಕೈ ನನ್ನ ತೊಡೆಯ ಮೇಲೆ ಪಟಪಟ ಬಡಿಯತೊಡಗಿತು. ಬೇರೆಯವರು ಮಾತಿಗೆ ಕಿವಿ ಕೊಟ್ಟು ಕೂತಿದ್ದರೆ ಅತ್ತಮ್ಮ ಬಾಗಿಲುಗಳನ್ನೇ ನೋಡುತ್ತಿದ್ದರು. ಹಾಗಾಗಿ ಮೂರನೇ ಬಾಗಿಲ ಹಿಂದಿನ ಕಾಲು ಎಲ್ಲರಿಗಿಂತ ಮೊದಲು ಕಂಡದ್ದು ಅವರಿಗೆ. ನಕ್ಕದ್ದೂ ಅವರೇ ಮೊದಲು. ಆಮೇಲೆ ಇಡೀ ಥಿಯೇಟರು.

ಆಚೆ ತುದಿಯಿಂದ ಪಾಪಮ್ಮ ಕುರ್ಚಿಯಿಂದ ಬಗ್ಗಿ ಕೈಯಾಡಿಸಿ ತೆಲುಗು ಬೆರೆಸಿ ಕೇಳಿದಳು. "ಏಮಾಯೆ ಅಕ್ಕಾ, ಯಾಕೆ ನಗ್ತಾವ್ರೆ?"

ಅತ್ತಮ್ಮನಿಗೆ ಮಾತು ಕೇಳಿಸಿರಲಾರದು, ಪಾಪಮ್ಮನ ಪೆದ್ದು ಮುಖ ಕಂಡಿತು. ಮೂರನೇ ಬಾಗಿಲ ಕಡೆ ಬೆರಳು ತೋರಿಸಿ, "ಕಣ್ಣು ಎಲ್ಲಿಟ್ಟಿದೀಯೇ, ಅಲ್ನೋಡು!" ಎಂದರು. ಕಿವಿ ನೆಟ್ಟಗಿರುವವಳು ಕೇಳುವುದು, ಕೇಳಿಸದವರು ಹೇಳುವುದು. ನಾನು ರಂಗ ಬಿಟ್ಟು ಅತ್ತಮ್ಮನನ್ನೇ ನೋಡಿದೆ.

ನಡುವೆ ಬಿಟ್ಟಾಗ ನೀರಿಗೆಂದು ಹೊರಗೆ ಬಂದೆ. ಬಾಗಿಲು ಕಾಯುವವನು, "ಮುಳಬಾಗಿಲು ಕಡೆಯೋರಾ? ಬಳೆಯಮ್ಮ ಬರ್ಲಿಲ್ವಾ?" ಎಂದ.

"ಅವಳು ನಿಮಗೆ ಹೇಗೆ ಗೊತ್ತು?"

"ಗೊತ್ತಾಗ್ದೆ ಏನು! ಹೋದ್ಸಲ ಬಂದಿದ್ಲು. ಐದು ನಿಮಿಷ ಬಾಗ್ಲಲ್ಲಿ ನಿಂತು ನೋಡ್ತೀನಿ ಅಂತ ಪ್ರಾಣ ತಿಂದ್ಲು. ಸರಿ ನಿಂತ್ಕೊಳಮ್ಮ ಅಂದ್ರೆ ಸೆರಗಿಂದ ಹತ್ತಿ ತೆಗೆದು ಎರಡೂ ಕಿವಿಗೆ ತುರುಕ್ಕೊಂಡ್ಲು. ಕಿವಿ ನೋವಾ ಅಂದೆ. ನನ್ ಕಿವಿ ಚೆನ್ನಾಗೈತಪ್ಪ, ಅದಕ್ಕೇ ಹತ್ತಿ ಅಂದ್ಲು. ಹಿಂಗೆ ನಿಂತು ನೋಡಿದ್ದು ಇದು ಮೂರನೇ ನಾಟಕ ಅಂತೆ, ಮಿಕ್ಕ ಎರಡು ಕಂಪ್ನೀಲಿ ಏನೂ ತಿಳೀಲಿಲ್ವಂತೆ. ಅರ್ಧ ಗಂಟೆ ನಿಂತು ಬಿದ್ದು ಬಿದ್ದು ನಕ್ಲು. ಏಳು ಟಿಕೇಟು ಅಂದ್ಲು. ತಲೆ ಸರಿ ಇದ್ಯಾ ಆ ಯಮ್ಮಂಗೆ?"

"ನಮ್ಮೆಲ್ಲರಿಗಿಂತ ಸರಿಯಾಗೈತೆ" ಎಂದೆ. ನೀರು ತೆಗೆದುಕೊಳ್ಳುವುದನ್ನು ಮರೆತು ಒಳಗೆ ಹೋಗಿ ಅತ್ತಮ್ಮನಿಂದ ಬೈಸಿಕೊಂಡೆ.

ವಾಪಸು ಬಸ್ಸಿನಲ್ಲಿ ಅತ್ತಮ್ಮ ಇಡೀ ನಾಟಕವನ್ನು ಮತ್ತೆ ಆಡಿ ತೋರಿಸಿದರು. ಜಿಪುಣ ಹೀಗಂದ, ಹೆಂಡತಿ ಹಾಗಂದಳು ಎಂದು ಒಂದೊಂದು ಮಾತನ್ನೂ ಹೇಳಿದರು. ಅದರಲ್ಲಿ ಒಂದೂ ರಂಗದ ಮೇಲೆ ಆಡಿದ ಮಾತಲ್ಲ, ಎಲ್ಲ ತಾವೇ ಕಟ್ಟಿದ್ದು. ನಿಜ ಹೇಳಬೇಕೆಂದರೆ ಕಂಪನಿಯವರ ಮಾತಿಗಿಂತ ಚೆನ್ನಾಗಿತ್ತು. ಪಾಪಮ್ಮ ಹೊಟ್ಟೆ ಹಿಡಿದುಕೊಂಡು, "ಹೌದಕ್ಕ, ಹಂಗೇ ಅಂದ" ಎಂದು ಸಾಕ್ಷಿ ಹೇಳಿದಳು. ಕೋಲಾರ ದಾಟುವ ಹೊತ್ತಿಗೆ ಬಸ್ಸಿನ ಕಂಡಕ್ಟರೂ ನಿಂತು ಕೇಳುತ್ತಿದ್ದ.

ಮುಂದಿನ ಸಲ ಜೈನಾಬಿ ಬಂದಳು. ಕ್ಷಮಿಸು ಗಿಮಿಸು ಎನ್ನುವುದು ನಮ್ಮಲ್ಲಿ ಇರಲಿಲ್ಲ. ಎರಡು ಡಜನ್ ಬಳೆ ತೊಡಿಸಿಕೊಂಡೆ, ಚೌಕಾಸಿ ಮಾಡಲಿಲ್ಲ.

"ಏನಮ್ಮಾ, ಜ್ವರ ಬಂದೈತಾ?" ಎಂದು ನನ್ನ ಹಣೆ ಮುಟ್ಟಿ ನೋಡಿದಳು.

"ಹತ್ತಿ ಇಟ್ಕೊಂಡು ನೋಡಿದ್ಯಂತೆ" ಎಂದೆ.

ಅವಳು ಬಳೆಯಿಂದ ಕಣ್ಣೆತ್ತಲಿಲ್ಲ. "ಬೇರೇವ್ರ ಕೈಗೆ ಬಳೆ ತರೋವಾಗ ನನ್ ಕೈ ಅಳತೆ ನೋಡಿ ತರಕ್ಕಾಗ್ತದಾ?" ಎಂದಳು. ಅಷ್ಟೇ. ಆ ಮಾತು ಮತ್ತೆ ನಮ್ಮ ನಡುವೆ ಬರಲಿಲ್ಲ. ಅತ್ತಮ್ಮ ಇನ್ನೂ ಒಂಬತ್ತು ವರ್ಷ ಇದ್ದರು. ಬೀಗದ ಕೈ ಕೊನೆಯವರೆಗೂ ಅವರ ಸೊಂಟದಲ್ಲಿಯೇ ಇತ್ತು, ಗುಟ್ಟೂ ಇತ್ತು. ಒಂಬತ್ತು ವರ್ಷ ನಾನು ಎಮ್ಮೆಗೆ ಬಯ್ದೆ. ಎಮ್ಮೆ ಎರಡು ಬದಲಾದವು.

ಮನುಷ್ಯರನ್ನು ಹೊಗಳುವುದು ನನಗೆ ಆಗಿಬರುವುದಿಲ್ಲ. ಇವಳೊಬ್ಬಳ ವಿಷಯದಲ್ಲಿ ಹೊಗಳದೆ ದಾರಿಯಿಲ್ಲ.

ಈಗ ಪಲ್ಲವಿಯ ಫೋನಿಗೆ ಬರೋಣ. ಅವಳು ಮೂರು ನಾಟಕದ ತುಣುಕು ಹಾಕಿ ತೋರಿಸುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ. ಏನು ಕೇಳಿಸಿತು ಎಂದು? ಜೇನು ಗುಂಯ್‌ಗುಟ್ಟಿದ ಹಾಗೆ, ಅಷ್ಟೇ. ನನ್ನ ಎಡಗಿವಿ ಹೋಗಿ ಎರಡು ವರ್ಷವಾಯಿತು, ಬಲಗಿವಿಯೂ ಮಂಕು. ಯಾರಿಗೂ ಹೇಳಿಲ್ಲ. ಟಿವಿ ನೋಡಿ ಬೇರೆಯವರು ನಕ್ಕಾಗ ನಗುತ್ತೇನೆ. ಈ ಮನೆಯಲ್ಲಿ ಎಮ್ಮೆಯೂ ಇಲ್ಲ.

"ಅದರ ಸದ್ದು ಪೂರ್ತಿ ತೆಗಿ" ಎಂದೆ.

"ಯಾಕಜ್ಜಿ? ಸದ್ದಿಲ್ದೆ ಏನು ತಿಳಿಯುತ್ತೆ?"

"ಸದ್ದಿಲ್ದೆ ತಿಳಿಯೋದೇ ಬೇಕು. ನಂಗೆ ಕಿವಿ ಕೇಳಲ್ಲ ಕಣೇ. ಎಡಗಿವಿ ಪೂರ್ತಿ ಇಲ್ಲ."

ಹೇಳಿಬಿಟ್ಟೆ. ಮನೆ ಬೀಳಲಿಲ್ಲ. ಪಲ್ಲವಿ ಎದ್ದು ಬಂದು ನನ್ನ ಬಲಗಡೆ ಕೂತು ಸದ್ದು ತೆಗೆದಳು. ಮೊದಲನೆಯದರಲ್ಲಿ ಇಬ್ಬರು ನಿಂತು ಬಾಯಿ ಆಡಿಸುತ್ತಿದ್ದರು. ಬೇಡ. ಎರಡನೆಯದರಲ್ಲಿ ಒಬ್ಬನೇ ನಿಂತು ಬಾಯಿ ಆಡಿಸುತ್ತಿದ್ದ. ಅದಂತೂ ಬೇಡವೇ ಬೇಡ. ಮೂರನೆಯದರಲ್ಲಿ ಒಬ್ಬ ದಪ್ಪ ಮನುಷ್ಯ ಬಕೆಟ್ಟಿನಲ್ಲಿ ಕಾಲು ಸಿಕ್ಕಿಸಿಕೊಂಡು, ಅದು ಯಾರಿಗೂ ಕಾಣದ ಹಾಗೆ ನೆಂಟರನ್ನು ಮಾತಾಡಿಸುತ್ತಿದ್ದ. ನಾನು ಅವಳಿಗಿಂತ ಮೊದಲು ನಕ್ಕೆ.

"ಇದು" ಎಂದೆ. "ಸೀಟು ಎಡಗಡೆ, ಗೋಡೆ ಪಕ್ಕದ್ದು."

ಅವಳು ಒತ್ತಿದಳು. ಒಂದು ಚೌಕದ ಬಣ್ಣ ಬದಲಾಯಿತು.

"ಅದರ ಪಕ್ಕದ್ದು ನಿಂಗೆ ತಗೋ. ಬೇರೆ ಯಾರ್ನೂ ಕೂರಿಸ್ಬೇಡ."