ವಿಭೂತಿ ಹಚ್ಚಿದ ಕಣ್ಣು

ಚಿನ್ನು, ಪುಟ್ಟಿ,

ನೀವು ಬಂದಾಗಲೆಲ್ಲ ಅಂಗಡಿಯ ಅಟ್ಟದ ಮೇಲಿರುವ ಹಸಿರು ತಗಡಿನ ಪೆಟ್ಟಿಗೆಯನ್ನು ಇಳಿಸಿಕೊಡು ಎಂದು ಕೇಳುತ್ತೀರಿ. ಅದರ ಗಾಜಿನ ಕಣ್ಣಿಗೆ ಬೆರಳು ಅಡ್ಡ ಇಟ್ಟು, ಒಳಗೆ ಟಕ್ ಎನ್ನುವುದನ್ನು ಕೇಳಿ ನಗುತ್ತೀರಿ. ಅದು ಯಾಕೆ ಟಕ್ ಎನ್ನುತ್ತದೆ ಎಂದು ನಿಮ್ಮಮ್ಮ ಹೇಳಿರಬಹುದು. ನಾನು ಅದನ್ನು ಹೇಗೆ ಮಾಡಿದೆ, ಮಾಡಿದ ಮೇಲೆ ನಾನೇ ಹೇಗೆ ಅದರ ಕಣ್ಣು ಕಟ್ಟಿದೆ ಎಂಬುದನ್ನು ಪೂರ್ತಿ ಹೇಳಿರಲಾರಳು. ಬಾಯಲ್ಲಿ ಹೇಳಲು ನನಗೆ ಈಗಲೂ ಸಂಕೋಚ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಓದಿದ್ದು ಬಾಣಾವರದ ಹತ್ತಿರದ ನಮ್ಮೂರಿನ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ಮದುವೆಯಾಗಿ ಅರಸೀಕೆರೆಗೆ ಬಂದೆ. ನಿಮ್ಮ ತಾತನದು ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ. ತೆಂಗಿನ ತೋಟಗಳಲ್ಲಿ ಸುಟ್ಟುಹೋದ ಮೋಟಾರುಗಳು ಎತ್ತಿನ ಗಾಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಬಂದಿಳಿಯುತ್ತಿದ್ದವು. ಅವುಗಳ ಒಳಗಿನ ಕರಕಲಾದ ತಾಮ್ರದ ತಂತಿಯನ್ನು ಕಿತ್ತು ಹೊಸದನ್ನು ಸುತ್ತಬೇಕು. ಒಂದು ಸುತ್ತು ಹೆಚ್ಚಾಗಬಾರದು, ಕಮ್ಮಿಯಾಗಬಾರದು. ಆ ಕೆಲಸವನ್ನು ಅವರು ನನಗೆ ಕಲಿಸಿದರು. ಅಂಗಡಿಯ ಹಿಂಭಾಗಕ್ಕೆ ಗೋಣಿಯ ಪರದೆ ಕಟ್ಟಿ, ಅದರ ಹಿಂದೆ ಕುಳಿತು ನಾನು ಸುತ್ತುತ್ತಿದ್ದೆ. ಗಿರಾಕಿಗಳಿಗೆ ನನ್ನ ಬಳೆಯ ಸದ್ದು ಕೇಳುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ ನಿಮ್ಮ ತಾತ ತೀರಿಕೊಂಡರು. ಪರದೆ ಹಾಗೆಯೇ ಉಳಿಯಿತು. ಯಾರಾದರೂ ಬಂದು "ಯಾರೂ ಇಲ್ವೇನ್ರೀ?" ಎಂದು ಕೂಗಿದರೆ, ಹಿಂದಿನಿಂದಲೇ "ಇದೀನಿ" ಎನ್ನುತ್ತಿದ್ದೆ. "ಯಜಮಾನ್ರು ಎಲ್ಲಿ?" ಎಂದರೆ ತಲೆ ತಗ್ಗಿಸಿ ತಂತಿ ಸುತ್ತುತ್ತಲೇ ಇರುತ್ತಿದ್ದೆ. ಅವರು ಸ್ವಲ್ಪ ಹೊತ್ತು ನಿಂತು ಬೇರೆ ಅಂಗಡಿಗೆ ಹೋಗುತ್ತಿದ್ದರು.

ನಿಮ್ಮ ತಾತನ ಅಣ್ಣ, ನನ್ನ ಭಾವ, ಕೊಬ್ಬರಿ ವ್ಯಾಪಾರಿ. ಕಟ್ಟಡ ಮನೆತನದ್ದು, ಮಾತು ಅವರದ್ದು. ಒಂದು ದಿನ ಅಂಗಡಿಯ ಹೊಸ್ತಿಲ ಮೇಲೆ ನಿಂತು ಹೇಳಿದರು: "ನೋಡಮ್ಮ, ಪರದೆ ಹಿಂದೆ ಕುಂತ್ಕಂಡು ಯಾಪಾರ ಆಗಾಕಿಲ್ಲ. ನಿಂಗೂ ನಿನ್ನ ಮಗಳಿಗೂ ಅನ್ನಕ್ಕೆ ನಾನಿದೀನಿ. ದೀಪಾವಳಿ ಕಳೀಲಿ, ಇಲ್ಲಿ ಕೊಬ್ಬರಿ ಮೂಟೆ ಇಳಿಸ್ತೀನಿ." ಅವರು ಕೆಟ್ಟವರಲ್ಲ. ಹೇಳಿದಂತೆ ಅನ್ನವನ್ನೂ ಹಾಕುತ್ತಿದ್ದರು. ಆದರೆ ಕೈಗೆ ಕೆಲಸವಿಲ್ಲದೆ ಇನ್ನೊಬ್ಬರ ಅಡುಗೆಮನೆಯಲ್ಲಿ ಮುದುಕಿಯಾಗುವುದು ನನಗೆ ಬೇಕಿರಲಿಲ್ಲ.

ಅದೇ ಮಳೆಗಾಲದಲ್ಲಿ ನಿಮ್ಮಮ್ಮ ಒಂದು ಕ್ರೀಡಾಕೂಟದಲ್ಲಿ ನೂರು ಮೀಟರ್ ಓಡಿದಳು. ಮೈದಾನ ಸಣ್ಣದು, ಸಾಲಿಗೆ ನಾಲ್ಕೇ ಜನ. ಹೀಗಾಗಿ ಮೂರು ತಂಡ ಮಾಡಿ ಓಡಿಸಿ, ಎಲ್ಲರಲ್ಲಿ ಕಮ್ಮಿ ಹೊತ್ತು ತೆಗೆದುಕೊಂಡ ನಾಲ್ವರನ್ನು ಕೊನೆಯ ಓಟಕ್ಕೆ ಆರಿಸುತ್ತಿದ್ದರು. ನಿಮ್ಮಮ್ಮ ತನ್ನ ತಂಡದಲ್ಲಿ ಮೊದಲು ಬಂದಳು. ಅವಳ ಹೊತ್ತು ಅಳೆಯಲು ಗಡಿಯಾರ ಹಿಡಿದಿದ್ದವರು ಅದೇ ಹೊತ್ತಿಗೆ ಪಕ್ಕದವರ ಕೈಯಿಂದ ಟೀ ಲೋಟ ಇಸಿದುಕೊಳ್ಳುತ್ತಿದ್ದರು. ಅವಳು ಗೆರೆ ದಾಟಿ ಎರಡು ಹೆಜ್ಜೆ ಆದ ಮೇಲೆ ಅವರ ಹೆಬ್ಬೆರಳು ಒತ್ತಿತು. ಬೇಲಿಯ ಆಚೆ ನಿಂತಿದ್ದ ನಾನು ಕಣ್ಣಾರೆ ಕಂಡೆ. ಕೊನೆಯ ಓಟಕ್ಕೆ ಅವಳ ಹೆಸರು ಬರಲಿಲ್ಲ.

"ನೀನು ನೋಡ್ದೆ ತಾನೆ, ಹೇಳ್ಬಾರ್ದಿತ್ತೇನಮ್ಮ?" ಎಂದು ದಾರಿಯಲ್ಲಿ ಕೇಳಿದಳು.

ಹೇಳಬೇಕಿತ್ತು. ಗಂಡಸರ ಆ ಗುಂಪಿಗೆ ಹೋಗಿ ಹೇಳುವ ಧೈರ್ಯ ನನಗಿರಲಿಲ್ಲ. ನನಗೆ ಹೇಳಲಾಗದ್ದನ್ನು ಯಂತ್ರವೊಂದು ಹೇಳುವಂತೆ ಮಾಡಬಹುದೇ ಎಂದು ಅವತ್ತಿನಿಂದ ಯೋಚಿಸತೊಡಗಿದೆ.

ಬೇಲೂರಿನಲ್ಲಿ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರಿದ್ದರು. ನಿಮ್ಮ ತಾತನಿಂದ ಸಣ್ಣ ಟ್ರಾನ್ಸ್‌ಫಾರ್ಮರ್ ಸುತ್ತಿಸಿಕೊಂಡು ಹೋಗುತ್ತಿದ್ದವರು. ನಿಮ್ಮಮ್ಮನನ್ನು ಜೊತೆ ಮಾಡಿಕೊಂಡು ಬಸ್ಸಿನಲ್ಲಿ ಅವರ ಹತ್ತಿರ ಹೋದೆ. ನಾನು ಅವಳ ಕಿವಿಯಲ್ಲಿ ಹೇಳುವುದು, ಅವಳು ಅವರಿಗೆ ಹೇಳುವುದು. ಸ್ವಲ್ಪ ಹೊತ್ತು ಕೇಳಿ ಅವರು ನಕ್ಕರು.

"ನಿಮ್ಮಮ್ಮ ನಂಗೆ ಕಾಣ್ತಾ ಅವ್ರೆ ಕಣವ್ವ. ನೇರವಾಗೇ ಕೇಳ್ಳಿ, ನಾನೇನು ಕಚ್ಚಾಕಿಲ್ಲ."

ಬೀದಿದೀಪ ತಾನಾಗಿ ಹತ್ತುವುದಕ್ಕೆ ಬಳಸುವ, ಗುಂಡಿಯಷ್ಟು ಸಣ್ಣ ವಸ್ತುವೊಂದನ್ನು ಅವರು ನನ್ನ ಅಂಗೈಯಲ್ಲಿಟ್ಟರು. "ಬೆಳಕು ಬಿದ್ರೆ ಕರೆಂಟು ಬಿಡ್ತದೆ, ನೆರಳಾದ್ರೆ ತಡೀತದೆ. ಇಷ್ಟೇ ಇದರ ಗುಣ. ಮಿಕ್ಕಿದ್ದು ನೀವು ಸುತ್ತೋ ಕಾಯಿಲ್‌ನಲ್ಲೇ ಐತೆ."

ಮಿಕ್ಕಿದ್ದು ನಿಜವಾಗಿಯೂ ನನ್ನ ಕೈಯಲ್ಲಿತ್ತು. ಗೆರೆಯ ಒಂದು ಕಡೆ ದೀಪದ ಪೆಟ್ಟಿಗೆ, ಇನ್ನೊಂದು ಕಡೆ ಕಣ್ಣಿನ ಪೆಟ್ಟಿಗೆ. ಓಡಿ ಬಂದವರು ಬೆಳಕಿಗೆ ಅಡ್ಡವಾದರೆ ನಾನು ಸುತ್ತಿದ ಕಾಯಿಲ್ ತಾನು ಸೆಳೆದು ಹಿಡಿದಿದ್ದ ಕಬ್ಬಿಣದ ಪಟ್ಟಿಯನ್ನು ಟಕ್ ಎಂದು ಬಿಟ್ಟು, ಪೆಟ್ಟಿಗೆಗೆ ಜೋಡಿಸಿದ ಗಡಿಯಾರ ನಿಲ್ಲಬೇಕು. ಓಟ ಶುರುಮಾಡಲು ಮೇಷ್ಟ್ರು ಎರಡು ಹಲಗೆ ಬಡಿಯುತ್ತಾರಲ್ಲ, ಅದಕ್ಕೆ ತಾಮ್ರದ ತಗಡು ಹೊಡೆದು ತಂತಿ ಎಳೆದೆ. ಹಲಗೆ ಕೂಡಿದೊಡನೆ ಗಡಿಯಾರ ಓಡತೊಡಗಬೇಕು. ಬಿಸಿಲು ಬಿದ್ದು ಕಣ್ಣು ಮೋಸಹೋಗದಂತೆ ಕಪ್ಪು ಕೊಳವೆ ಹಾಕಿದೆ. ಧೂಳು ಹೋಗದಂತೆ ಕೊಳವೆಯ ಬಾಯಿಗೆ ಗಾಜು ಕೂರಿಸಿದೆ. ಮೂರು ಸಲ ಕೆಟ್ಟಿತು, ಮೂರು ಸಲ ಬಿಚ್ಚಿದೆ. ನಿಮ್ಮಮ್ಮ ಹಿತ್ತಲಲ್ಲಿ ಓಡಿ ಓಡಿ ಸುಸ್ತಾಗಿ, "ಇದಕ್ಕೋಸ್ಕರ ಓಡಿದ್ದು ಸೇರಿಸಿದ್ರೆ ಬಾಣಾವರಕ್ಕೆ ಹೋಗಿ ಬರಬೋದಿತ್ತು ಕಣಮ್ಮ" ಎಂದಳು.

ಬೇಲೂರಿನ ಹಿರಿಯರೇ ಹಳೇಬೀಡಿನ ಪಿ.ಟಿ. ಮೇಷ್ಟ್ರೊಬ್ಬರಿಗೆ ವಿಷಯ ಹೇಳಿದರು. ಸುತ್ತಲಿನ ಶಾಲೆಗಳ ಕ್ರೀಡಾಕೂಟ ಅಲ್ಲಿ ನಡೆಯಲಿತ್ತು, ದೀಪಾವಳಿಗೆ ಮುಂಚೆ. ತಂದು ತೋರಿಸಿ, ಸರಿಹೋದರೆ ಬೇಲೂರಿನ ದೊಡ್ಡ ಕೂಟಕ್ಕೂ ಇದನ್ನೇ ಇಡೋಣ ಎಂದು ಮೇಷ್ಟ್ರು ಹೇಳಿ ಕಳಿಸಿದರು. ನಾನು ಭಾವನಿಗೆ ಬಾಗಿಲ ಮರೆಯಿಂದ ಹೇಳಿದೆ: "ಇದೊಂದು ನೋಡ್ತೀನಿ ಭಾವ. ಆಗದೆ ಇದ್ರೆ ಬೀಗದ ಕೈ ನಿಮ್ಗೇ ಕೊಡ್ತೀನಿ." ಅವರು "ಹೆಂಗಸರಿಬ್ರೇ ಹೋಗ್ಬ್ಯಾಡಿ, ನಾನೂ ಬತ್ತೀನಿ" ಎಂದರು.

ಹೊರಡುವ ಬೆಳಿಗ್ಗೆ ಪೆಟ್ಟಿಗೆಯನ್ನು ದೇವರ ಮುಂದಿಟ್ಟು ಪೂಜೆ ಮಾಡಿದೆ. ನಮ್ಮಲ್ಲಿ ಹೊಸ ಯಂತ್ರವನ್ನು ಹಾಗೆಯೇ ಹೊರಗೆ ಒಯ್ಯುವುದಿಲ್ಲ. ಮೋಟಾರಿರಲಿ, ಹೊಲಿಗೆ ಯಂತ್ರವಿರಲಿ, ಮೂರು ಬೆರಳಲ್ಲಿ ವಿಭೂತಿ ಎಳೆದು, ಹೂವಿಟ್ಟು, ಕಾಯಿ ಒಡೆಯಬೇಕು. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ನಾದಿ ಬೆರಳಿಗೆ ತೆಗೆದುಕೊಂಡೆ. ಎಲ್ಲಿ ಹಚ್ಚುವುದು? ಆ ಪೆಟ್ಟಿಗೆಗೆ ಹಣೆಯೇ ಇರಲಿಲ್ಲ, ಮುಂದೆ ಇದ್ದುದೆಲ್ಲ ಕಣ್ಣು. ಕೈ ಅಭ್ಯಾಸದಂತೆ ಎಡದಿಂದ ಬಲಕ್ಕೆ ಗಾಜಿನ ಮೇಲೇ ಹೋಯಿತು. ಮನಸ್ಸಿನಲ್ಲಿ ಒಂದು ಅಳುಕು ಬಂದು, ದೀಪದ ಪೆಟ್ಟಿಗೆ ಹೊತ್ತಿಸಿ ಪರೀಕ್ಷೆ ಮಾಡಿದೆ. ಬೆರಳು ಅಡ್ಡ ಇಟ್ಟೆ. ಟಕ್ ಎಂದಿತು. ನೆಮ್ಮದಿಯಿಂದ ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಹಳೇಬೀಡಿನ ಮೈದಾನದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ನಿಮ್ಮಮ್ಮ ತಂತಿ ಎಳೆದು ಪೆಟ್ಟಿಗೆಗಳನ್ನು ಎದುರುಬದುರು ಇಟ್ಟಳು. ನಾನು ಭಾವನ ಹಿಂದೆ, ಹುಣಸೆಮರದ ಬುಡದಲ್ಲಿ ಕುಳಿತೆ. ಅತಿಥಿಗಳು ತಡವಾಗಿ ಬಂದದ್ದರಿಂದ ಎಲ್ಲರಿಗೂ ಅವಸರ. ಒಂದು ಸಲ ಕೈ ಅಡ್ಡ ಹಿಡಿದು ನೋಡೇ ಎಂದು ಮಗಳಿಗೆ ಕೂಗಿ ಹೇಳಬೇಕಿತ್ತು. ಅಷ್ಟು ಜನರ ನಡುವೆ ಕೂಗಲು ಬಾಯಿ ಬರಲಿಲ್ಲ.

ಹುಡುಗಿಯರ ಮೊದಲ ತಂಡ ನಿಂತಿತು. ಹಲಗೆ ಬಡಿದರು. ಅದೇ ಗಳಿಗೆಯಲ್ಲಿ ಟಕ್. ಹುಡುಗಿಯರು ಇನ್ನೂ ಎರಡನೇ ಹೆಜ್ಜೆ ಇಡುತ್ತಿದ್ದರು, ಗಡಿಯಾರ ಸೊನ್ನೆಯಲ್ಲಿ ನಿಂತುಬಿಟ್ಟಿತ್ತು.

ಸುತ್ತ ನಿಂತಿದ್ದವರಿಗೆ ಹಬ್ಬವಾಯಿತು.

"ಏನ್ಲಾ, ಹೊರಡಾಕ್ ಮುಂಚೇನೇ ಗೆದ್ಬುಟ್ರಂತೆ."

"ಅರಸೀಕೆರೆ ಗಡಿಯಾರ ಕಣ್ಲಾ ಅದು. ರೈಲಿಗಿಂತ ಮುಂಚೆ ಟೇಷನ್ನೇ ಹೊರಟೋಯ್ತದೆ."

ಮೇಷ್ಟ್ರು ಗಡಿಯಾರದ ಗುಂಡಿ ಒತ್ತಿ ನೋಡಿದರು, ಪೆಟ್ಟಿಗೆ ತಟ್ಟಿ ನೋಡಿದರು. ಆಮೇಲೆ ಮೈಕಿನಲ್ಲಿ, ಯಂತ್ರ ಕೆಟ್ಟಿದೆ, ಮುಂದಿನ ತಂಡಗಳಿಗೆ ಕೈಯಲ್ಲಿ ಒತ್ತುವ ಗಡಿಯಾರವೇ ಎಂದರು. ನಿಮ್ಮಮ್ಮ ತಲೆ ತಗ್ಗಿಸಿ ತಂತಿ ಸುತ್ತತೊಡಗಿದಳು.

ಭಾವ ನನ್ನ ಕಡೆ ತಿರುಗಿದರು. "ಹೋಗ್ಲಿ ಬಿಡಮ್ಮ. ಏಳು, ಬಸ್ಸೈತೆ" ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ತಲೆಯೆತ್ತಿ ಅವರ ಮುಖ ನೋಡಿದೆ. ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲಿರಬೇಕು. ಅವರ ಹಣೆಯಲ್ಲಿ ಮೂರು ಪಟ್ಟೆ ಸುಣ್ಣ ಬಳಿದಂತೆ ಬೆಳ್ಳಗೆ ಹೊಳೆಯುತ್ತಿತ್ತು. ಬೆಳಿಗ್ಗೆ ಮನೆ ಬಿಡುವಾಗ ಅವರ ಹಣೆ ಒದ್ದೆಯಾಗಿತ್ತು, ವಿಭೂತಿ ಇದೆಯೋ ಇಲ್ಲವೋ ಎನ್ನುವಂತಿತ್ತು. ಹಸಿ ವಿಭೂತಿ ಕಾಣುವುದಿಲ್ಲ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಹುಟ್ಟಿದಾಗಿನಿಂದ ಹಚ್ಚಿಕೊಂಡವಳು ನಾನು. ಆ ಗಾಜಿನ ಮೇಲೂ ಅದು ಒಣಗಿತ್ತು. ಕಣ್ಣಿಗೆ ಬೆಳಕೇ ಕಾಣದೆ, ಯಾರೋ ಆಗಲೇ ಅಡ್ಡ ನಿಂತಿದ್ದಾರೆ ಎಂದು ಅದು ಗಡಿಯಾರ ನಿಲ್ಲಿಸಿತ್ತು.

ಎರಡನೇ ತಂಡದ ಹುಡುಗಿಯರು ಓಟ ಹೊರಡುವ ಗೆರೆಯ ಹತ್ತಿರ ಬರುತ್ತಿದ್ದರು. ನನಗೂ ಆ ಪೆಟ್ಟಿಗೆಗೂ ನಡುವೆ ಬಯಲು ಮೈದಾನ, ಎರಡು ಕಡೆ ಜನ. ಮಗಳನ್ನು ಕರೆದು ಕಿವಿಯಲ್ಲಿ ಹೇಳಿ ಕಳಿಸಲು ಹೊತ್ತಿರಲಿಲ್ಲ. ಎದ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದೆ. ಸೆರಗಿನ ತುದಿಗೆ ಉಗುಳು ಹಚ್ಚಿ ಗಾಜನ್ನು ತಿಕ್ಕಿ ತಿಕ್ಕಿ ಒರೆಸಿದೆ. ದೇವರ ವಿಭೂತಿಗೆ ಉಗುಳು ತಾಕಿಸಿದೆನಲ್ಲ ಎಂದು ಆಮೇಲೆ ಎಷ್ಟೋ ದಿನ ಮನಸ್ಸು ಕೊರೆಯಿತು.

"ಮೇಷ್ಟ್ರೇ, ಯಂತ್ರ ಕೆಟ್ಟಿಲ್ಲ. ತಪ್ಪು ನನ್ನದು" ಎಂದೆ.

"ಏನಾಗಿತ್ತಮ್ಮ?"

"ಪೂಜೆ ಮಾಡಿ ಕಣ್ಣಿಗೇ ವಿಭೂತಿ ಹಚ್ಚಿದ್ದೆ."

ಮೇಷ್ಟ್ರ ಹಣೆಯಲ್ಲೂ ವಿಭೂತಿಯಿತ್ತು. "ಇದನ್ನ ನಾನು ಹೇಳಿದ್ರೆ ಇವರು ನಂಬಾಕಿಲ್ಲ. ನೀವೇ ಹೇಳಿ" ಎಂದು ಮೈಕನ್ನು ನನ್ನ ಮುಂದೆ ಹಿಡಿದರು.

ಹೇಳಿದೆ. ನನ್ನ ಧ್ವನಿ ಹುಣಸೆಮರದಾಚೆಯ ಶಾಲೆಯ ಗೋಡೆಗೆ ಬಡಿದು ತಿರುಗಿ ನನಗೇ ಕೇಳಿಸಿತು. "ಇನ್ನೊಂದು ಸಲ ಇದರಲ್ಲಿ ನೋಡಿ. ಆಗದಿದ್ದರೆ ನಾನೇ ಎತ್ತಿಕೊಂಡು ಹೋಗ್ತೀನಿ" ಎಂದೂ ಸೇರಿಸಿದೆ. ಜನ ನಕ್ಕರು. ಈ ಸಲದ ನಗು ಬೇರೆ ಥರದ್ದು, ಮನೆಯಲ್ಲಿ ಯಾರೋ ಎಡವಿದಾಗ ನಗುವಂಥದು. ಮುದುಕರೊಬ್ಬರು, "ಕಣ್ಣು ಬಿಟ್ಟೈತೆ ಈಗ, ಓಡ್ಸಿ ಓಡ್ಸಿ" ಎಂದರು. ನಿಮ್ಮಮ್ಮ ಸುತ್ತಿಟ್ಟಿದ್ದ ತಂತಿಯನ್ನು ಮತ್ತೆ ಎಳೆದು ಸಿಕ್ಕಿಸಿದಳು.

ಹಲಗೆ ಬಡಿದರು. ಗಡಿಯಾರ ಓಡಿತು. ನಾನು ಅದನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಹಗರೆಯಿಂದ ಬಂದಿದ್ದ ಎತ್ತರದ ಹುಡುಗಿ ಎದೆ ಮುಂದೆ ಮಾಡಿ ಗೆರೆ ದಾಟಿದಳು, ಟಕ್ ಎಂದಿತು. ಕೈಯಲ್ಲಿ ಗಡಿಯಾರ ಹಿಡಿದಿದ್ದ ಮೂವರು ಮೂರು ಲೆಕ್ಕ ಹೇಳಿದರು. ಅವರು ಇನ್ನೂ ವಾದಿಸುತ್ತಿರುವಾಗ ಮೇಷ್ಟ್ರು ಪೆಟ್ಟಿಗೆಯ ಗಡಿಯಾರ ನೋಡಿ ಬರೆದುಕೊಂಡರು. ಮೊದಲ ತಂಡವನ್ನು ಸ್ವಲ್ಪ ಸುಧಾರಿಸಿಕೊಳ್ಳಲು ಬಿಟ್ಟು ಮತ್ತೆ ಓಡಿಸಿದರು. ಮೊದಲು ಬಂದವರ ಹೊತ್ತಿಗೆ ಆಮೇಲೆ ಅವತ್ತು ಯಾರ ಹೆಬ್ಬೆರಳೂ ಬೇಕಾಗಲಿಲ್ಲ. ಸಂಜೆ ಹೊರಡುವಾಗ ಮೇಷ್ಟ್ರು, "ಬೇಲೂರಿಗೂ ತನ್ನಿ. ವಿಭೂತಿ ಮಾತ್ರ ನನ್ನ ಹಣೆಗೆ ಹಚ್ಚಿ ಸಾಕು" ಎಂದರು.

ವಾಪಸು ಬರುವ ಬಸ್ಸಿನಲ್ಲಿ ಭಾವ ಕಿಟಕಿಯಾಚೆ ನೋಡುತ್ತ ಕುಳಿತಿದ್ದರು. ಜಾವಗಲ್ ದಾಟಿದ ಮೇಲೆ, ನನ್ನ ಕಡೆ ತಿರುಗದೆಯೇ ಹೇಳಿದರು: "ಕೊಬ್ಬರಿ ಮೂಟೆಗೆ ಹಿತ್ತಲ ಕೊಠಡಿ ಐತೆ ಬಿಡು." ಸ್ವಲ್ಪ ಹೊತ್ತಾದ ಮೇಲೆ, "ಅಂಗಡೀಲಿ ಆ ಗೋಣಿ ಪರದೆ ಯಾಕೆ? ಇಲಿ ಸೇರ್ಕತವೆ" ಎಂದರು.

ಮಾರನೇ ದಿನ ಪರದೆ ಬಿಚ್ಚಿದೆ. ಬೇಲೂರಿನ ಕೂಟವಾದ ಮೇಲೆ ಬೇರೆ ಶಾಲೆಗಳಿಂದ ಕಾರ್ಡು ಬರತೊಡಗಿದವು. ಕಬಡ್ಡಿಗೆ ಗಂಟೆ, ವಾಲಿಬಾಲಿಗೆ ದೀಪದ ಅಂಕದ ಹಲಗೆ, ಒಂದೊಂದನ್ನೂ ಕೇಳಿದವರಿಗಾಗಿ ಕಲಿತು ಮಾಡಿದೆ. ಕಾಯಿಲ್ ಸುತ್ತಲು ಬೀದಿಯ ನಾಲ್ವರು ಹೆಂಗಸರು ಬಂದರು. ಎರಡು ಸಾವಿರ ಇಸವಿ ಕಳೆದು ನಿಮ್ಮಮ್ಮ ಡಿಪ್ಲೊಮಾ ಮುಗಿಸಿ ಬಂದು ಅಂಗಡಿಗೆ ಬೋರ್ಡು ಬರೆಸಿದಳು. ಈಗ ಅವಳು ಮಾಡುವ ಯಂತ್ರಗಳ ಒಳಗೆ ನನಗೆ ಅರ್ಥವಾಗುವುದು ಅರ್ಧ ಮಾತ್ರ. ಆದರೆ ಪ್ರತಿಯೊಂದರ ಬೆನ್ನ ಮೇಲೂ ರೂಪಾಯಿಯಗಲದ ಒಂದು ಕೆಂಪು ವೃತ್ತವಿರುತ್ತದೆ, ನೋಡಿದ್ದೀರಲ್ಲ. ಅದೇನು ಸ್ವಿಚ್ಚೇ ಎಂದು ಚಿನ್ನು ಒಮ್ಮೆ ಕೇಳಿದ್ದ. ಪೂಜೆಯ ವಿಭೂತಿಯನ್ನು ಹಚ್ಚುವುದು ಅಲ್ಲಿ. ಪೂಜೆ ಬಿಡಿ ಎಂದರೆ ನಮ್ಮ ಜನ ಬಿಡುವುದಿಲ್ಲ, ನಾನೂ ಬಿಡುವವಳಲ್ಲ. ಅದಕ್ಕೇ ಪ್ರತಿ ಯಂತ್ರಕ್ಕೂ ಒಂದು ಹಣೆ ಮಾಡಿಕೊಟ್ಟೆ.

ಆ ಹಸಿರು ಪೆಟ್ಟಿಗೆಯ ಹಿಂಬದಿಯ ತಗಡು ಎರಡು ತಿರುಪಿನಲ್ಲಿ ನಿಂತಿದೆ. ಬಿಚ್ಚಿದರೆ ಕಾಯಿಲ್ ಪಕ್ಕದಲ್ಲಿ ಈ ಹಾಳೆಗಳು ಮಡಿಸಿ ಇಡುವಷ್ಟು ಜಾಗವಿದೆ. ಓದಿ ಮುಗಿಸಿ ಅಲ್ಲೇ ಇಡಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ, ತಿರುಪು ಬಿಗಿಯಾಗಿ ಹಾಕಿ, ಇಲಿ ಹೋಗದಂತೆ ನೋಡಿಕೊಳ್ಳಿ. ಈ ಹಾಳೆ ನಿಮ್ಮ ಮಕ್ಕಳ ಕೈ ಸೇರುವವರೆಗೂ ಜೋಪಾನ.